ಮುಖದ ಬಣ್ಣ ಎಲ್ಲಿ ತಪ್ಪಿತು? ಎಣ್ಣೆ ಬಣ್ಣದ ಭಾವಚಿತ್ರಕ್ಕೊಂದು ದೋಷ ನಿವಾರಣೆ ಕೈಪಿಡಿ

ಅಜ್ಜಿಯ ಚಿತ್ರ ಮುಗಿಸಿ ಮುಂಬೈ ಹತ್ತಿರದ ಡೊಂಬಿವಲಿಯ ಮನೆಯ ಹಾಲ್‌ನಲ್ಲಿ ಒಣಗಲು ಇಟ್ಟಿದ್ದೆ. ಮುಲುಂಡಿನಿಂದ ಬಂದ ಅತ್ತೆ ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಅಮ್ಮ ಯಾವಾಗ ಮಾರಾಯಾ ಇಷ್ಟು ಬೆಳ್ಳಗಾದದ್ದು?" ಅಜ್ಜಿಯದು ಎಣ್ಣೆಗಪ್ಪು ಮೈಬಣ್ಣ. ಚಿತ್ರದಲ್ಲಿದ್ದ ಅಜ್ಜಿ ಪೌಡರ್ ಡಬ್ಬಿಯಲ್ಲಿ ಮುಖ ಅದ್ದಿ ತೆಗೆದ ಹಾಗಿದ್ದಳು. ನಾನು ಮಾರನೇ ದಿನವೇ ದಾದರ್‌ಗೆ ಹೋಗಿ ಇನ್ನೂ ಮೂರು ಟ್ಯೂಬ್ ಕಂದು ಬಣ್ಣ ತಂದೆ. ಅವು ಇವತ್ತಿಗೂ ಅರ್ಧ ಖಾಲಿಯಾಗಿಲ್ಲ. ಯಾಕೆಂದರೆ ತಪ್ಪು ಇದ್ದದ್ದು ರಾತ್ರಿ ಕೂತು ಬಿಡಿಸುತ್ತಿದ್ದ ಬಲ್ಬಿನಲ್ಲಿ, ಮತ್ತೆ ನೋಡಿ ಬಿಡಿಸಿದ ಫೋಟೋದಲ್ಲಿ.

ಈಗ ಭಾನುವಾರ ನಮ್ಮ ಕನ್ನಡದವರು ಏಳೆಂಟು ಜನ ಸೇರಿ ಚಿತ್ರ ಬಿಡಿಸುತ್ತೇವೆ. ಎಲ್ಲರೂ ಮೊದಲು ಬೈಯುವುದು ಬಣ್ಣವನ್ನೇ. ಹತ್ತರಲ್ಲಿ ಏಳೆಂಟು ಸಲ ಬಣ್ಣದ ತಪ್ಪೇ ಇರುವುದಿಲ್ಲ. ಅದಕ್ಕೇ ಇಲ್ಲಿ ಕಣ್ಣಿಗೆ ಕಾಣುವ ಲಕ್ಷಣ ಹಿಡಿದುಕೊಂಡು ಹೊರಟಿದ್ದೇನೆ. ದುಡ್ಡು ಬೇಡದ ಪರೀಕ್ಷೆ ಮೊದಲು, ಹೊಸ ಟ್ಯೂಬ್ ಕೊನೆಗೆ.

ಮೊದಲು ಎಚ್ಚರಿಕೆಯ ಮಾತು

ಇದನ್ನು ಕೊನೆಗೆ ಇಟ್ಟರೆ ಯಾರೂ ಓದಲ್ಲ. ಲಿನ್‌ಸೀಡ್ ಆಯಿಲ್, ಅಂದರೆ ಅಗಸೆ ಎಣ್ಣೆ, ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಆಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಆ ಬಿಸಿ ಒಳಗೇ ಉಳಿದು, ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಯಾರೂ ಕಡ್ಡಿ ಗೀರಬೇಕಾಗಿಲ್ಲ. ಅಂಥ ಬಟ್ಟೆಯನ್ನು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಇಲ್ಲವೇ ಹೊರಗೆ ಒಂದೊಂದಾಗಿ ಬಿಡಿಸಿ ಹರವಿ ಒಣಗಿಸಿ.

ಬಣ್ಣ ತೆಳು ಮಾಡಲು, ಬ್ರಷ್ ತೊಳೆಯಲು ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ, ಬಾಟಲಿಗೆ ಮುಚ್ಚಳ ಇರಲಿ. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಇರುವ ಕಡೆ ಬೇಡ. ಒಂದೇ ರೂಮಿನ ಮನೆಯಲ್ಲಿ ಇದು ಕಷ್ಟ ಅಂತ ನನಗೆ ಗೊತ್ತು. ಅಂಥವರು ಟರ್ಪೆಂಟೈನ್ ಬಿಟ್ಟೇಬಿಡಿ. ಬ್ರಷ್ಷನ್ನು ಎಣ್ಣೆಯಲ್ಲಿ ಅದ್ದಿ ಒರೆಸಿ, ಆಮೇಲೆ ಸೋಪಿನಲ್ಲಿ ತೊಳೆದರೆ ಸಾಕು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಅಗ್ಗ ಅಂತ ತರಬೇಡಿ. ಅದು ಮರಕ್ಕೆ, ಲೋಹಕ್ಕೆ ಹೊಡೆಯುವ ಲ್ಯಾಕರ್‌ಗೆ ಮಾಡಿದ್ದು, ಅದರ ಹೊಗೆ ಇನ್ನೂ ಕೆಟ್ಟದ್ದು. ತಲೆನೋವು, ತಲೆಸುತ್ತು, ಎದೆ ಬಿಗಿತ ಶುರುವಾದರೆ ಕೆಲಸ ಬಿಟ್ಟು ಹೊರಗೆ ಹೋಗಿ. ಕಡಿಮೆಯಾಗದಿದ್ದರೆ ಡಾಕ್ಟರನ್ನು ನೋಡಿ. ಅಸ್ತಮಾ ಇರುವವರು, ಗರ್ಭಿಣಿಯರು ಇದನ್ನು ಮುಟ್ಟದಿರುವುದೇ ಒಳ್ಳೆಯದು.

ಬ್ರಷ್ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕ್ಯಾಡ್ಮಿಯಂ, ಸೀಸದ ಬಿಳಿ, ಅಸಲಿ ವರ್ಮಿಲಿಯನ್‌ನ ಪಾದರಸ ಎಲ್ಲವೂ ವಿಷ. ಒಣಗಿದ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ ಧೂಳೆಬ್ಬಿಸಬೇಡಿ.

ರಾತ್ರಿ ಸರಿ ಇತ್ತು, ಬೆಳಿಗ್ಗೆ ಬೇರೆ ಮುಖ

ಆಫೀಸು ಮುಗಿಸಿ, ಲೋಕಲ್ ಹಿಡಿದು ಮನೆ ಸೇರಿ, ಊಟ ಮುಗಿಸಿ ಚಿತ್ರಕ್ಕೆ ಕೂರುವವರೆಲ್ಲ ಹೇಳುವ ದೂರು ಇದು. ಪರೀಕ್ಷೆ ಸುಲಭ. ಬೆಳಿಗ್ಗೆ ಕ್ಯಾನ್ವಾಸನ್ನು ಕಿಟಕಿ ಹತ್ತಿರ ತನ್ನಿ. ನೇರ ಬಿಸಿಲು ಬೀಳಬಾರದು. ಅಲ್ಲಿ ಹತ್ತು ನಿಮಿಷ ನೋಡಿ. ರಾತ್ರಿ ಹದವಾಗಿ ಕಂಡ ಕೆನ್ನೆ ಈಗ ತಣ್ಣಗೆ, ನೀಲಿಗಟ್ಟಿದಂತೆ ಕಂಡರೆ ನಿಮ್ಮ ಬಲ್ಬ್ ಹಳದಿಯದು. ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಇರುತ್ತದೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. ಆ ಬೆಳಕೇ ಕ್ಯಾನ್ವಾಸಿಗೆ ಕಾವು, ಅಂದರೆ ಹಳದಿ ಕೆಂಪಿನ ಛಾಯೆ, ಕೊಡುತ್ತಿತ್ತು. ನೀವು ಅದು ಬಣ್ಣದ್ದೇ ಕಾವು ಅಂದುಕೊಂಡು ತಣ್ಣಗೆ ಮಾಡುತ್ತಾ ಹೋದಿರಿ.

ಬೆಳಿಗ್ಗೆ ಮುಖ ವಿಪರೀತ ಕೆಂಪಾಗಿ ಕಂಡರೆ ಕಾರಣ ಉಲ್ಟಾ. ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟ್‌ಗಳ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಚರ್ಮ ಹಸಿರು ಹಸಿರಾಗಿ ಕಾಣುತ್ತದೆ. ನಾವು ಕೆಂಪು ಸುರಿಯುತ್ತೇವೆ.

ಹೊಸ ಬಲ್ಬ್ ತರುವ ಮೊದಲು ಇನ್ನೊಂದು ನೋಡಿ: ಬಣ್ಣ ಬೆರೆಸುವ ಪ್ಯಾಲೆಟ್ಟಿಗೂ ಕ್ಯಾನ್ವಾಸಿಗೂ ಒಂದೇ ಬೆಳಕು ಬೀಳುತ್ತಿದೆಯಾ? ಪ್ಯಾಲೆಟ್ ನಿಮ್ಮ ನೆರಳಿನಲ್ಲಿದ್ದರೆ ಬೆರೆಸಿದ್ದೇ ಬೇರೆ, ಬಳಿದದ್ದೇ ಬೇರೆ. ಅದೂ ಸರಿ ಇದ್ದರೆ 5000 ಕೆಲ್ವಿನ್‌ನ, ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ಕಾಣಿಸುತ್ತದೆ ಎಂಬ ಅಂಕ) 90ಕ್ಕಿಂತ ಮೇಲಿನ ಎಲ್‌ಇಡಿ ತನ್ನಿ. ನನ್ನ ಪ್ರಕಾರ ಒಂದು ಒಳ್ಳೆಯ ಬಲ್ಬ್ ನಾಲ್ಕು ದುಬಾರಿ ಟ್ಯೂಬಿಗೆ ಸಮ.

ಹಗಲು ಬೆಳಕನ್ನೂ ಕಣ್ಣುಮುಚ್ಚಿ ನಂಬಬೇಡಿ. ನಮ್ಮ ಎದುರಿನ ಬಿಲ್ಡಿಂಗಿಗೆ ರಿಪೇರಿ ಅಂತ ಹಸಿರು ಬಲೆ ಕಟ್ಟಿದ್ದರು. ಎರಡು ತಿಂಗಳು ನನ್ನ ಚಿತ್ರದವರೆಲ್ಲ ಟೊಮೆಟೊ ಆದರು. ಮಳೆಗಾಲದಲ್ಲಿ ಬಾಲ್ಕನಿಗೆ ಕಟ್ಟುವ ನೀಲಿ ತಾಡಪಾಲಿನದೂ ಇದೇ ಕತೆ.

ಬೆಳಕು ಚರ್ಮಕ್ಕೆ ಏನು ಮಾಡುತ್ತದೆ ಅಂತ ನೋಡಬೇಕಿದ್ದರೆ ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೆನೆಸಿಕೊಳ್ಳಿ. ಸುಮಾರು ಜನ ಅದನ್ನು ರವಿವರ್ಮರದು ಅಂದುಕೊಂಡಿದ್ದಾರೆ. ಬಿಡಿಸಿದವರು ಮುಂಬೈಯ ಜೆ. ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತ ಎಸ್. ಎಲ್. ಹಳದಣಕರ್. ಅದು ಜಲವರ್ಣ, ಎಣ್ಣೆಯದಲ್ಲ. ಆದರೂ ಪಾಠ ಒಂದೇ: ಆ ಮುಖಕ್ಕೆ ಬಣ್ಣ ಕೊಟ್ಟದ್ದು ಕೈಯಲ್ಲಿರುವ ದೀಪ.

ಫೋಟೋದಲ್ಲಿ ಇದ್ದ ಹಾಗೇ ಬಿಡಿಸಿದೆ, ಆದರೆ ಅವರಲ್ಲ

ಫೋನಿನ ಬ್ಯೂಟಿ ಮೋಡ್ ನಮ್ಮವರ ಮುಖವನ್ನು ಕೇಳದೇ ಬೆಳ್ಳಗೆ ಮಾಡುತ್ತದೆ. ಹಳೆಯ ಸ್ಟುಡಿಯೋದವರು ಕೈಯಲ್ಲೇ ಟಚಿಂಗ್ ಮಾಡುತ್ತಿದ್ದರು. ಫ್ಲಾಷ್ ಹೊಡೆದ ಫೋಟೋದಲ್ಲಿ ನೆರಳೇ ಇರುವುದಿಲ್ಲ. ಕಿವಿ, ಕುತ್ತಿಗೆ, ಕೈ ನೋಡಿ. ಮುಖಕ್ಕೂ ಕೈಗೂ ಹೊಂದದಿದ್ದರೆ ನಂಬಬೇಕಾದ್ದು ಕೈಯನ್ನು. ಆಮೇಲೆ ಫೋಟೋದಲ್ಲಿರುವ ಯಾವುದಾದರೂ ಬಿಳಿ ವಸ್ತು ಹುಡುಕಿ, ಪಂಚೆಯೋ ಮಲ್ಲಿಗೆಯೋ. ಮಲ್ಲಿಗೆ ನೀಲಿಯಾಗಿ ಕಂಡರೆ ಚರ್ಮಕ್ಕೂ ಅಷ್ಟೇ ನೀಲಿ ಬಡಿದಿದೆ ಅಂತ ಅರ್ಥ.

ಸಾಧ್ಯವಾದರೆ ಅದೇ ವ್ಯಕ್ತಿಯ ಇನ್ನೊಂದು ಫೋಟೋ ಕೇಳಿ, ಜಗಲಿಯ ನೆರಳಿನಲ್ಲಿ ಫ್ಲಾಷ್ ಇಲ್ಲದೆ ತೆಗೆದದ್ದು.

"ಸ್ವಲ್ಪ ಬೆಳ್ಳಗೆ ಮಾಡಿ ಆಯ್ತಾ" ಅಂತ ಮನೆಯವರೇ ಕೇಳುವುದೂ ಉಂಟು. ನಾನು ಒಪ್ಪುವುದಿಲ್ಲ. ಬೆಳಕು ಜಾಸ್ತಿ ಬೀಳಿಸುತ್ತೇನೆ, ಮೈಬಣ್ಣ ಬದಲಿಸಲ್ಲ ಅಂತ ಹೇಳಿಬಿಡುತ್ತೇನೆ.

ಪೌಡರ್ ಬಳಿದಂತೆ, ಬೂದಿ ಬಡಿದಂತೆ

ಅಜ್ಜಿಗೆ ಆದದ್ದು ಇದೇ. ಬೆಳಕು, ಫೋಟೋ ಎರಡನ್ನೂ ನೋಡಿದ ಮೇಲೂ ಮುಖ ಬೂದಿಯಾಗಿದ್ದರೆ ಬಿಳಿಯ ಮೇಲೆ ಅನುಮಾನ ಪಡಿ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಟೈಟಾನಿಯಂ ವೈಟ್. ಒಂದು ಚೂರು ಬಿದ್ದರೂ ಇಡೀ ಗುಡ್ಡೆಯನ್ನು ನುಂಗುತ್ತದೆ. ಬಿಳಿ ಹಾಕಿದರೆ ಬಣ್ಣ ತಿಳಿಯಾಗುವುದಷ್ಟೇ ಅಲ್ಲ, ಅದರ ಕಾವೂ ಇಳಿಯುತ್ತದೆ. ಸಾರು ಕಡಿಮೆ ಬಿತ್ತು ಅಂತ ನೀರು ಸುರಿದ ಹಾಗೆ. ಅಳತೆ ಜಾಸ್ತಿಯಾಯ್ತು, ಹುಳಿ ಖಾರ ಎರಡೂ ಹೋಯ್ತು.

ಮೊದಲ ಪರೀಕ್ಷೆ ಫೋನಿನದು. ಚಿತ್ರದ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ಮೂಲ ಫೋಟೋವನ್ನೂ ಹಾಗೇ ಮಾಡಿ ಪಕ್ಕದಲ್ಲಿಡಿ. ನಿಮ್ಮ ಚಿತ್ರದ ಹಣೆ ಅಂಗಿಯ ಬಿಳಿಗೆ ಹತ್ತಿರವಾಗಿದ್ದರೆ ಮುಖವೇ ಜಾಸ್ತಿ ತಿಳಿಯಾಗಿದೆ. ಎರಡನೆಯದು ಇನ್ನೂ ಸುಲಭ. ಪ್ಯಾಲೆಟ್ ನೈಫ್‌ನ ತುದಿಯಲ್ಲಿ ಶುದ್ಧ ಬಿಳಿ ತೆಗೆದುಕೊಂಡು ಹಣೆಯ ಹೊಳಪಿನ ಪಕ್ಕ ಹಿಡಿಯಿರಿ. ತುಂಬಾ ಬೆಳ್ಳಗಿರುವವರ ಚರ್ಮ ಕೂಡ ಬಿಳಿ ಬಣ್ಣಕ್ಕಿಂತ ಎಷ್ಟೋ ಗಾಢ. ವ್ಯತ್ಯಾಸ ಎದ್ದು ಕಾಣದಿದ್ದರೆ ಬಿಳಿ ಮಿತಿ ಮೀರಿದೆ.

ಮೂರನೆಯದು ನನಗೆ ತುಂಬಾ ಇಷ್ಟ. ಪ್ರಿಂಟ್ ತೆಗೆದ ಫೋಟೋದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ. ಬೆರೆಸಿದ ಬಣ್ಣದ ಒಂದು ಬೊಟ್ಟನ್ನು ಕೆನ್ನೆಯ ಮೇಲೇ ಇಡಿ. ಹೊಂದಿದರೆ ಬೊಟ್ಟು ಮಾಯವಾಗುತ್ತದೆ. ಇಲ್ಲದಿದ್ದರೆ ತಿಳಿಯಾಯ್ತಾ, ಗಾಢವಾಯ್ತಾ, ಕೆಂಪಾಯ್ತಾ ಅಂತ ಅದೇ ಹೇಳುತ್ತದೆ. ಅಗ್ಗದ ಹಾಳೆ, ಒರೆಸಿ ಮತ್ತೆ ಬಳಸಬಹುದು.

ಸರಿಪಡಿಸುವುದು ಹೇಗೆ? ಕ್ಯಾನ್ವಾಸಿನ ಮೇಲೇ ಇನ್ನಷ್ಟು ಬಣ್ಣ ಸುರಿಯಬೇಡಿ. ಹಸಿ ಇದ್ದರೆ ನೈಫ್‌ನಿಂದ ಕೆರೆದು ತೆಗೆಯಿರಿ. ಆಮೇಲೆ ತಿಳಿ ಮಾಡಲು ಬಿಳಿಗೆ ಕೈ ಹಾಕುವ ಮೊದಲು ಯೆಲ್ಲೋ ಓಕರ್, ಅಂದರೆ ಮಣ್ಣು ಹಳದಿ, ಹಾಕಿ ನೋಡಿ. ಅರ್ಧ ದಾರಿ ಅದೇ ಕರೆದುಕೊಂಡು ಹೋಗುತ್ತದೆ. ಬಿಳಿ ಬೇಕೇ ಬೇಕಾದರೆ ಅದರ ಜೊತೆ ಕೆಂಪಿನ ಒಂದು ಚುಕ್ಕೆ ಬರಲಿ, ಕಾವು ಉಳಿಯುತ್ತದೆ.

ಗೋಧಿ ಬಣ್ಣದ ಮುಖಕ್ಕೆ ನಾನು ಶುರು ಮಾಡುವ ಲೆಕ್ಕ ಇದು: ಯೆಲ್ಲೋ ಓಕರ್ ಎರಡು ಕಡಲೆಕಾಳಿನಷ್ಟು, ಬರ್ನ್ಟ್ ಸಿಯೆನ್ನಾ (ಕೆಂಪು ಕಂದು) ಒಂದು ಕಾಳು, ಬಿಳಿ ಒಂದು ಕಾಳು, ಅಲ್ಟ್ರಾಮರೀನ್ (ಗಾಢ ನೀಲಿ) ಒಂದು ಸಾಸಿವೆ. ಕೆನ್ನೆ, ಮೂಗಿನ ತುದಿಗೆ ಕ್ಯಾಡ್ಮಿಯಂ ರೆಡ್ ಇನ್ನೊಂದು ಸಾಸಿವೆ. ಇದು ಶುರುವಿಗೆ ಮಾತ್ರ. ಮುಂದೆ ಎದುರಿಗಿರುವ ಮುಖ ಹೇಳಿದ ಹಾಗೆ. ಬಿಳಿಯ ಗುಡ್ಡೆಗೆ ಬಣ್ಣ ಸೇರಿಸುತ್ತಾ ಹೋಗಬೇಡಿ, ಬಣ್ಣಕ್ಕೆ ಬಿಳಿ ಸೇರಿಸಿ. ಇಲ್ಲದಿದ್ದರೆ ಅರ್ಧ ಟ್ಯೂಬ್ ಖಾಲಿಯಾದರೂ ಬೇಕಾದ ಬಣ್ಣ ಬರುವುದಿಲ್ಲ.

ಹಾಗೇ, "ಫ್ಲೆಷ್ ಟಿಂಟ್" ಅಂತ ರೆಡಿ ಟ್ಯೂಬ್ ಸಿಗುತ್ತದೆ. ಗುಲಾಬಿ ಪೇಡದ ಬಣ್ಣ. ನಮ್ಮ ಕಡೆಯ ಯಾರ ಮುಖದಲ್ಲೂ ಆ ಬಣ್ಣವನ್ನು ನಾನು ಕಂಡಿಲ್ಲ.

ಕೆಸರಾಯ್ತು

ಕೆಸರಿಗೆ ಕಾರಣ ಮೂರು. ಯಾವುದು ಅಂತ ಒಂದು ಬಿಳಿ ಕಾಗದದಿಂದ ಪತ್ತೆ ಹಚ್ಚಬಹುದು. ಪ್ಯಾಲೆಟ್ಟಿನ ಮಿಶ್ರಣವನ್ನು ತೊಳೆದ ಬ್ರಷ್ಷಿನಲ್ಲಿ ತೆಗೆದು ಕಾಗದದ ಮೇಲೆ ಒಂದು ಗೆರೆ ಎಳೆಯಿರಿ.

ಕಾಗದದ ಮೇಲೂ ಕೆಸರು ಅಂದರೆ ಮಿಶ್ರಣವೇ ಕೆಟ್ಟಿದೆ. ಬಿಳಿ ಬಿಟ್ಟು ಮೂರ್ನಾಲ್ಕಕ್ಕಿಂತ ಜಾಸ್ತಿ ಬಣ್ಣ ಸೇರಿದೆಯಾ ನೋಡಿ. ನೀವು ಮೂರೇ ಸೇರಿಸಿರಬಹುದು, ಟ್ಯೂಬಿನ ಒಳಗೇ ಎರಡೆರಡು ಇರಬಹುದು. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಪಿವೈ 43, ಪಿಬಿಆರ್ 7, ಪಿಆರ್ 101 ಅಂತ ಒಳಗಿರುವ ಬಣ್ಣದ ಪುಡಿಯ ಗುರುತು ಬರೆದಿರುತ್ತದೆ. ಮೊದಲನೆಯದು ಯೆಲ್ಲೋ ಓಕರ್, ಎರಡನೆಯದು ಕಂದು ಬಣ್ಣದ ಸಿಯೆನ್ನಾ ಅಂಬರ್‌ಗಳ ಮಣ್ಣು, ಮೂರನೆಯದು ರೆಡ್ ಆಕ್ಸೈಡ್, ಅಂದರೆ ಕರಾವಳಿ ಮತ್ತು ಗೋವಾದ ಹಳೇ ಗುಡಿಗಳ ಗೋಡೆಯಲ್ಲಿ ಕಾಣುವ ಕಾವಿಯ ಬಳಗದ್ದೇ. ಒಂದೇ ಸಂಖ್ಯೆ ಇರುವ ಟ್ಯೂಬ್ ಬೆರೆಸಲು ಸುಲಭ. "ಹ್ಯೂ" ಅಂತ ಬರೆದಿದ್ದರೆ ಅದು ಅಸಲಿಯ ಬದಲಿಗೆ ಬೇರೆ ಬಣ್ಣಗಳಿಂದ ಹೊಂದಿಸಿದ್ದು. ಕೆಟ್ಟದ್ದು ಅಂತಲ್ಲ, ಅಚ್ಚರಿ ಕೊಡುತ್ತದೆ ಅಷ್ಟೇ.

ಕಾಗದದ ಮೇಲೆ ಚೆನ್ನಾಗಿದೆ, ಕ್ಯಾನ್ವಾಸಿನ ಮೇಲೆ ಕೆಸರು ಅಂದರೆ ಕೆಳಗಿನ ಹಸಿ ಬಣ್ಣ ಎದ್ದು ಬರುತ್ತಿದೆ. ಬ್ರಷ್ಷನ್ನು ಒಂದು ಸಲ ಎಳೆದು ಒರೆಸಿ, ಮತ್ತೆ ಎಳೆಯಿರಿ. ಉಜ್ಜಬೇಡಿ. ತಿಳಿಗೆ ಒಂದು, ಗಾಢಕ್ಕೆ ಒಂದು ಬೇರೆ ಬೇರೆ ಬ್ರಷ್ ಇಟ್ಟುಕೊಳ್ಳಿ. ಟರ್ಪೆಂಟೈನ್ ಡಬ್ಬಿ ಚಹಾದ ಬಣ್ಣಕ್ಕೆ ತಿರುಗಿದೆಯಾ? ಹಾಗೇ ಬಿಟ್ಟರೆ ಗಸಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಗಸಿಯನ್ನು ಸಿಂಕಿಗೆ ಸುರಿಯಬೇಡಿ.

ಎರಡೂ ಕಡೆ ಬಣ್ಣ ಸ್ವಚ್ಛ, ಆದರೂ ದೂರದಿಂದ ಕೆಸರು! ಇದು ತಮಾಷೆಯ ಕೇಸು. ತಪ್ಪು ಪಕ್ಕದ ಬಣ್ಣದ್ದು. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ದಾರಕ್ಕೆ ಬಣ್ಣ ಸರಿಯಾಗಿ ಹಿಡಿದಿಲ್ಲ ಅಂತ ದೂರು ಬರುತ್ತಿತ್ತು. ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಪರೀಕ್ಷೆ ಮಾಡಿದ. ಬಣ್ಣದ ಹಂಡೆಯಲ್ಲಿ ಏನೂ ತೊಂದರೆ ಇರಲಿಲ್ಲ. ಕಪ್ಪಿನ ಪಕ್ಕ ನೇಯ್ದ ನೀಲಿ, ನೇರಳೆಗಳೇ ಅದನ್ನು ಮಂಕು ಮಾಡುತ್ತಿದ್ದವು. 1839ರಲ್ಲಿ ಅದನ್ನೆಲ್ಲ ವಿವರವಾಗಿ ಪ್ರಕಟಿಸಿದ. ನಮ್ಮ ಚಿತ್ರದಲ್ಲಿ ಆ ನೀಲಿಯ ಪಾತ್ರ ಖಾಲಿ ಬಿಟ್ಟ ಬಿಳಿ ಕ್ಯಾನ್ವಾಸಿನದು. ಬಿಳಿಯ ಪಕ್ಕ ಯಾವ ಚರ್ಮವೂ ಕೊಳಕಾಗಿ ಕಾಣುತ್ತದೆ. ಶುರುವಿನಲ್ಲೇ ರಾ ಅಂಬರನ್ನು ತೆಳುವಾಗಿ ಬಳಿದು, ಹಿನ್ನೆಲೆಯನ್ನು ಒಂದಿಷ್ಟು ತುಂಬಿಕೊಂಡರೆ ಅರ್ಧ ಕೆಸರು ತಾನಾಗಿ ಹೋಗುತ್ತದೆ.

ಇದಾವುದೂ ಆಗದಿದ್ದರೆ ಒಂದು ವಾರ ನಾಲ್ಕೇ ಬಣ್ಣದಲ್ಲಿ ಕೆಲಸ ಮಾಡಿ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ ಹೆಸರಿನಲ್ಲಿ ಪ್ರಸಿದ್ಧವಾದ ಪ್ಯಾಲೆಟ್ಟಿನಲ್ಲಿ ಬಿಳಿ, ಯೆಲ್ಲೋ ಓಕರ್, ವರ್ಮಿಲಿಯನ್, ಐವರಿ ಬ್ಲ್ಯಾಕ್ ಮಾತ್ರ. ವರ್ಮಿಲಿಯನ್ ಬದಲು ಕ್ಯಾಡ್ಮಿಯಂ ರೆಡ್ ಲೈಟ್ ಸಾಕು. ನೀಲಿ ಎಲ್ಲಿ ಅಂತ ಕೇಳಬಹುದು. ಆ ಕಪ್ಪಿಗೆ ಬಿಳಿ ಸೇರಿಸಿದಾಗ ಬರುವ ಬೂದು, ಕೆಂಪು ಹಳದಿಗಳ ನಡುವೆ ನೀಲಿಯಂತೆ ಕಾಣುತ್ತದೆ. ಮತ್ತೆ ಶೆವ್ರಲ್!

ಒಂದೇ ಕೆನ್ನೆಯನ್ನು ಒಂದೇ ದಿನ ಮೂರು ಸಲ ತಿದ್ದಿದ್ದರೆ ನಿಲ್ಲಿಸಿ. ಕೆರೆದು ಮಲಗಿ. ನಾಲ್ಕನೇ ಸಲ ಸರಿಯಾದದ್ದನ್ನು ನಾನಂತೂ ನೋಡಿಲ್ಲ.

ಕುಂಬಳಕಾಯಿ, ಇಲ್ಲವೇ ಕಾಮಾಲೆ

ಬರ್ನ್ಟ್ ಸಿಯೆನ್ನಾಕ್ಕೆ ಬಿಳಿ ಸೇರಿಸಿ ಹಾಗೇ ಬಳಿದರೆ ಕುಂಬಳಕಾಯಿ. ಓಕರ್ ಜಾಸ್ತಿಯಾದರೆ ಕಾಮಾಲೆ. ಕಿತ್ತಳೆಯನ್ನು ಇಳಿಸುವುದು ನೀಲಿ, ಹಳದಿಯನ್ನು ಇಳಿಸುವುದು ನೇರಳೆ. ಹಿಂದೆ ಬಿಳಿ ಬಟ್ಟೆಯ ಹಳದಿ ಹೋಗಲು ಹಾಕುತ್ತಿದ್ದ ನೀಲಿ ಪುಡಿ ನೆನಪಿದೆಯಾ? ಅದೂ ಅಲ್ಟ್ರಾಮರೀನೇ. ನೀಲಿಯೇ ಆದರೂ ಕೆಂಪಿನ ಛಾಯೆ ಇರುವುದರಿಂದ ಎರಡೂ ಕಾಯಿಲೆಗೆ ಆಗುತ್ತದೆ. ಸಾಸಿವೆಯಷ್ಟು ಹಾಕಿ, ಬೆರೆಸಿ, ನೋಡಿ, ಮತ್ತೆ ಹಾಕಿ. ಒಮ್ಮೆಲೇ ಸುರಿದರೆ ಕೆಸರಿನ ವಿಭಾಗಕ್ಕೆ ವಾಪಸ್ ಹೋಗಬೇಕಾಗುತ್ತದೆ.

ಕಪ್ಪು ಮೈಬಣ್ಣ ಸತ್ತಂತೆ ಕಾಣುತ್ತದೆ

ಕಾರಣ ಹೆಚ್ಚಾಗಿ ಒಂದೇ: ಕಂದಿಗೆ ಕಪ್ಪು ಸೇರಿಸಿ ಗಾಢ ಮಾಡಿದ್ದು, ಬಿಳಿ ಸೇರಿಸಿ ತಿಳಿ ಮಾಡಿದ್ದು. ಕಪ್ಪು ಬಿಳಿ ಸೇರಿದರೆ ಒಲೆಯ ಬೂದಿ. ಅದರಲ್ಲಿ ರಕ್ತ ಇರುವುದಿಲ್ಲ.

ಕಪ್ಪು ಟ್ಯೂಬಿನ ಮುಚ್ಚಳ ಹಾಕಿ ದೂರ ಇಡಿ. ಬರ್ನ್ಟ್ ಅಂಬರ್ ಮತ್ತು ಬರ್ನ್ಟ್ ಸಿಯೆನ್ನಾ ಸಮಸಮ ತೆಗೆದುಕೊಳ್ಳಿ. ಗಾಢ ಬೇಕಾದಲ್ಲಿ ಅಲ್ಟ್ರಾಮರೀನ್, ಕೆಂಪು ಹರಿಯುವಲ್ಲಿ ಪರ್ಮನೆಂಟ್ ಅಲಿಜರಿನ್ ಎಂಬ ಗಾಢ ಕೆಂಪು, ಬೆಳಕು ಬೀಳುವಲ್ಲಿ ಓಕರ್. ನೆರಳಿನ ಭಾಗಕ್ಕೆ ಬಿಳಿಯನ್ನು ಮುಟ್ಟಿಸಲೇಬೇಡಿ, ತೆಳುವಾಗಿ ಬಳಿಯಿರಿ.

ಹೊಳಪಿನ ವಿಷಯದಲ್ಲೂ ನಾನು ಅಜ್ಜಿಯ ಚಿತ್ರದಲ್ಲಿ ಎಡವಿದ್ದೆ. ಗಾಢ ಚರ್ಮದ ಮೇಲೆ ಹೊಳಪು ಸಣ್ಣದಾಗಿ, ಚುರುಕಾಗಿ ಕಾಣುತ್ತದೆ. ಅದರ ಬಣ್ಣ ಚರ್ಮದ್ದಲ್ಲ, ಬೆಳಕಿನದು. ಕಿಟಕಿಯ ಆಕಾಶ ಬಿದ್ದರೆ ಹಣೆಯ ಹೊಳಪು ನೀಲಿ ಛಾಯೆಯದು. ನಾನು ಇಡೀ ಹಣೆಯನ್ನೇ ತಿಳಿ ಮಾಡಿದ್ದೆ. ಎರಡನೇ ಸಲ ಹಣೆಯನ್ನು ಗಾಢವಾಗಿಯೇ ಬಿಟ್ಟು, ಮೂಗುತಿಯ ಪಕ್ಕ ಒಂದು, ಹಣೆಯ ಮೇಲೆ ಒಂದು ಸಣ್ಣ ತಣ್ಣನೆಯ ಹೊಳಪು ಇಟ್ಟೆ. ಗಲ್ಲದ ಕೆಳಗೆ ಹಸಿರು ಸೀರೆಯ ಬೆಳಕು ಸ್ವಲ್ಪ ತಾಗಿಸಿದೆ. ಅತ್ತೆ ಏನೂ ಹೇಳಲಿಲ್ಲ, ಸುಮ್ನೆ ನೋಡುತ್ತಾ ಕೂತರು.

ಬಣ್ಣ ಸರಿ, ಆದರೆ ಗೊಂಬೆಯ ಮುಖ

ಇಡೀ ಮುಖಕ್ಕೆ ಒಂದೇ ಮಿಶ್ರಣ ಬಳಿದಿದ್ದೀರಿ. ಕನ್ನಡಿ ನೋಡಿಕೊಳ್ಳಿ. ಹಣೆ ಸ್ವಲ್ಪ ಹಳದಿ, ಮೂಗು ಕೆನ್ನೆ ಕಿವಿ ಕೆಂಪು, ಗಂಡಸರ ಗಲ್ಲ ಬೂದು ಹಸಿರು. ಒಂದೇ ಗುಡ್ಡೆಯನ್ನು ಮೂರು ಮಾಡಿ ಒಂದಕ್ಕೆ ಓಕರ್, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿಯ ಚುಕ್ಕೆ ಸೇರಿಸಿ. ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಟಾಟಾ ಸಹೋದರರು ಕೂಡಿಟ್ಟ ಯುರೋಪಿನ ಎಣ್ಣೆ ಚಿತ್ರಗಳಿವೆ. ಒಂದು ಮುಖದ ಮುಂದೆ ಹತ್ತು ನಿಮಿಷ ನಿಂತು ಈ ಮೂರು ಬಣ್ಣ ಹುಡುಕಿ.

ತಿಂಗಳುಗಟ್ಟಲೆ ಒಂದೇ ದೋಷ ಮರಳಿ ಬರುತ್ತಿದ್ದರೆ ಕಲಿತವರ ಕಣ್ಣಿಗೆ ತೋರಿಸಿ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಚಿತ್ರಕಾರ ಕೆ. ಕೆ. ಹೆಬ್ಬಾರರು ಓದಿದ ಅದೇ ಜೆ. ಜೆ. ಸ್ಕೂಲಿನಲ್ಲಿ ಕಲಿತವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಣ್ಣಗುರುಡು ಇದೆಯಾ ಅಂತ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಕೆಂಪು ಹಸಿರು ಗೊಂದಲ ಗಂಡಸರಲ್ಲಿ ಅಪರೂಪವೇನಲ್ಲ.

ಒಣಗಿದ ಮೇಲೆ ಅಲ್ಲಲ್ಲಿ ಮಂಕು ಕಲೆ

ಕೂದಲು, ಕಣ್ಣಿನ ನೆರಳಿನ ಕಡೆ ಬಣ್ಣ ಸತ್ತು, ಉಳಿದ ಕಡೆ ಹೊಳೆಯುತ್ತಿದ್ದರೆ ಕೆಳಗಿನ ಪದರ ಎಣ್ಣೆ ಕುಡಿದಿದೆ. ಅಂಬರ್ ಬಣ್ಣಗಳಲ್ಲಿ ಇದು ಜಾಸ್ತಿ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಲಿನ್‌ಸೀಡ್ ಎಣ್ಣೆಯ ಒಂದೇ ಹನಿಯನ್ನು ಬಟ್ಟೆಯಲ್ಲಿ ಆ ಜಾಗಕ್ಕೆ ಸವರಿ. ಬಣ್ಣ ಮರಳಿ ಬಂದರೆ ರೋಗ ಗೊತ್ತಾಯ್ತು. ತೆಳುವಾಗಿ ಹಚ್ಚಿ, ಕೆಲವು ನಿಮಿಷ ಬಿಟ್ಟು, ಹೆಚ್ಚಿನದನ್ನು ಪೂರ್ತಿ ಒರೆಸಿ ತೆಗೆಯಿರಿ. ಬಟ್ಟೆ ನೀರಿನ ಡಬ್ಬಿಗೆ. ಇದನ್ನು ಮಾಡದೇ ಮಂಕು ಬಣ್ಣಕ್ಕೆ ಹೊಂದಿಸಿ ತಿದ್ದಬೇಡಿ, ಆಮೇಲೆ ವಾರ್ನಿಷ್ ಹಾಕಿದಾಗ ಎರಡು ಬೇರೆ ಬೇರೆ ಮುಖ ಕಾಣುತ್ತದೆ.

ಮೂರು ವಾರವಾದರೂ ಅಂಟು

ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಮುಂಬೈಯಲ್ಲಿ ಎಲ್ಲವೂ ನಿಧಾನ. ಬಣ್ಣಗಳಿಗೂ ಅವುಗಳದೇ ವೇಗ ಇದೆ. ಅಂಬರ್ ಒಂದೆರಡು ದಿನದಲ್ಲಿ ಮುಟ್ಟುವಷ್ಟು ಒಣಗುತ್ತದೆ. ಐವರಿ ಬ್ಲ್ಯಾಕ್, ಕ್ಯಾಡ್ಮಿಯಂ, ಅಲಿಜರಿನ್‌ಗಳಿಗೆ ಒಂದು ವಾರಕ್ಕೂ ಮೇಲೆ ಬೇಕು. ಆದ್ದರಿಂದ ತುಟಿ ಮಾತ್ರ ಅಂಟುತ್ತಿದ್ದರೆ ಕಾಯಿರಿ. ಫ್ಯಾನ್ ಗಾಳಿ ಸಾಕು, ಹೇರ್ ಡ್ರೈಯರ್ ಬೇಡ.

ಇಡೀ ಚಿತ್ರ ಅಂಟುತ್ತಿದ್ದರೆ ಯಾವ ಎಣ್ಣೆ ಹಾಕಿದಿರಿ ಅಂತ ಕೇಳುತ್ತೇನೆ. ನಮ್ಮ ಗುಂಪಿನ ಧಾರವಾಡದ ಕಾಕಾ ಊರಿನ ಗಾಣದ ಅಗಸೆ ಎಣ್ಣೆ ತಂದಿದ್ದರು. ಊಟಕ್ಕೆ ಒಳ್ಳೆಯದೇ. ಆದರೆ ಚಿತ್ರಕ್ಕೆ ಬಳಸುವ ಎಣ್ಣೆಯಂತೆ ಅದನ್ನು ಶುದ್ಧ ಮಾಡಿರುವುದಿಲ್ಲ. ನಿಧಾನವಾಗಿ ಒಣಗಿತು, ಹಳದಿಯೂ ಆಯ್ತು. ಇನ್ನೊಬ್ಬರು ಬಣ್ಣ ತೆಳು ಮಾಡಲು ತೆಂಗಿನೆಣ್ಣೆ ಹಾಕಿದ್ದರು. ತೆಂಗಿನೆಣ್ಣೆ ಯಾವತ್ತೂ ಒಣಗುವುದಿಲ್ಲ. ಅದಕ್ಕೆ ಔಷಧಿ ಇಲ್ಲ, ಕೆರೆದು ಮೊದಲಿಂದ ಶುರು ಮಾಡಬೇಕು.

ವರ್ಷದ ಮೇಲೆ ಬಂದ ತೊಂದರೆ

ಕಪಾಟಿನಲ್ಲಿಟ್ಟ ಚಿತ್ರ ಹಳದಿಯಾಗಿದೆಯಾ? ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಗಟ್ಟುತ್ತದೆ. ನೇರ ಬಿಸಿಲಿಲ್ಲದ ಬೆಳಕಿನಲ್ಲಿ ಕೆಲವು ವಾರ ಇಡಿ, ಸುಮಾರು ಮಟ್ಟಿಗೆ ಇಳಿಯುತ್ತದೆ. ಕೆನ್ನೆಯ ಗುಲಾಬಿ ಮಾತ್ರ ಮಾಯವಾಗಿದ್ದರೆ ಟ್ಯೂಬ್ ನೋಡಿ. ಪಿಆರ್ 83 ಅಂತ ಇದ್ದರೆ ಅದು ಹಳೇ ಅಲಿಜರಿನ್ ಕ್ರಿಮ್ಸನ್. 1868ರಲ್ಲಿ ಪ್ರಯೋಗಾಲಯದಲ್ಲಿ ಮಾಡಲು ಕಲಿತ ಬಣ್ಣ, ಬಿಳಿ ಬೆರೆತರೆ ಬೆಳಕಿಗೆ ಬೇಗ ಮಾಸುತ್ತದೆ. ಮುಂದಿನ ಸಲ ಪಿಆರ್ 177 ಅಥವಾ ಪಿವಿ 19 ಕೇಳಿ.

ಬಿರುಕಿಗೆ ಹೆಚ್ಚಾಗಿ ಕಾರಣ ಪದರಗಳ ಕ್ರಮ. ಎಣ್ಣೆ ಜಾಸ್ತಿ ಇರುವ ನಿಧಾನದ ಪದರದ ಮೇಲೆ ಬೇಗ ಒಣಗುವ ತೆಳು ಪದರ ಬಂದರೆ ಮೇಲಿನದು ಸೀಳುತ್ತದೆ. ಕೆಳಗೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಜಾಸ್ತಿ ಇರಬೇಕು. ಜಿಂಕ್ ವೈಟ್ ಕೂಡ ವರ್ಷಗಳ ಮೇಲೆ ಹಪ್ಪಳದಂತೆ ಪೆಡಸಾಗುತ್ತದೆ. ಬಿರುಕಿನ ಮೇಲೆ ಬಣ್ಣ ಮೆತ್ತಿ ಮುಚ್ಚಿದರೆ ಮತ್ತೆ ಬಾಯಿ ಬಿಡುತ್ತದೆ.

ಮಳೆಗಾಲದ ಬೂಷ್ಟು ಬಂದಿದ್ದರೆ ಮಾಸ್ಕ್ ಹಾಕಿಕೊಂಡು, ಚಿತ್ರವನ್ನು ಬಾಲ್ಕನಿಗೆ ಒಯ್ದು, ಒಣ ಮೆತ್ತನೆಯ ಬ್ರಷ್ಷಿನಿಂದ ಮೆಲ್ಲಗೆ ತೆಗೆಯಿರಿ. ಫಿನೈಲ್, ಬ್ಲೀಚ್, ಒದ್ದೆ ಬಟ್ಟೆ ಬೇಡ. ಇದು ನೀವೇ ಬಿಡಿಸಿದ ಹೊಸ ಚಿತ್ರಕ್ಕೆ ಮಾತ್ರ. ಮುತ್ತಜ್ಜನ ಕಾಲದ ಚಿತ್ರದಲ್ಲಿ ಬಣ್ಣ ಚಕ್ಕೆ ಏಳುತ್ತಿದ್ದರೆ, ಬೂಷ್ಟು ಒಳಗೇ ಇಳಿದಿದ್ದರೆ ಬ್ರಷ್ ಕೂಡ ತಾಗಿಸಬೇಡಿ. ಮೇಲೆ ಹೇಳಿದ ವಸ್ತು ಸಂಗ್ರಹಾಲಯದಲ್ಲೇ ಕಲಾ ಸಂರಕ್ಷಣಾ ಕೇಂದ್ರ ಇದೆ. ಮೊದಲು ಫೋಟೋ ತೋರಿಸಿ ವಿಚಾರಿಸಿ. ಒಯ್ಯುವಾಗ ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಬೆವರುತ್ತದೆ. ಚಕ್ಕೆ ಏಳುವ ಚಿತ್ರವನ್ನು ಮುಖ ಮೇಲೆ ಮಾಡಿ ಮಟ್ಟಸವಾಗಿ ಹಿಡಿದುಕೊಳ್ಳಿ, ಬಟ್ಟೆ ಬಣ್ಣಕ್ಕೆ ತಾಗದ ಹಾಗೆ ಚೌಕಟ್ಟಿನ ಮೇಲೆ ಹೊದೆಸಿ. ಬೆಳಗಿನ ಫಾಸ್ಟ್ ಲೋಕಲ್ ಬೇಡ, ಮಧ್ಯಾಹ್ನ ಟ್ಯಾಕ್ಸಿ ಮಾಡಿ. ಮತ್ತೆ ಟರ್ಪೆಂಟೈನ್ ಬಾಟಲಿಯನ್ನು ಯಾವ ಹೊತ್ತಿನ ಲೋಕಲ್‌ನಲ್ಲೂ ಒಯ್ಯಬೇಡಿ. ಬೆಂಕಿ ಹತ್ತುವ ವಸ್ತು ರೈಲಿನಲ್ಲಿ ಒಯ್ಯುವುದು ಅಪರಾಧ.